ಒಂದೇ ಸಾಲಿನ ಅಡಿಗೆರೆಗಳು

ಆಗಸ್ಟ್ 6, ಬುಧವಾರ. ಕೋಳಿಕ್ಕೋಡ್.

ನಮ್ಮ ಕಚೇರಿಯ ದಿನೋಯ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇ-ರೀಡರಿನಲ್ಲಿ ಎಳೆದ ಅಡಿಗೆರೆ, ಬರೆದ ಟಿಪ್ಪಣಿಗಳನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ದಾಟಿಸುವುದು ನಮ್ಮ ತಂತ್ರಾಂಶದ ಕೆಲಸ. ಎರಡೆರಡು ಸಲ ಬಂದದ್ದನ್ನು ತಾನೇ ಅಳಿಸುವ ಸೌಲಭ್ಯವನ್ನು ಇವನು ನನ್ನನ್ನೊಂದು ಮಾತೂ ಕೇಳದೆ ಅದಕ್ಕೆ ಸೇರಿಸಿದ್ದಾನೆ.

ಬೆಳಿಗ್ಗೆ, ನಮ್ಮ ತಂತ್ರಾಂಶ ಬಳಸಿದ ವಿಲಾಸಿನಿ ಟೀಚರ್ ಫೋನ್ ಮಾಡಿದರು. ಪ್ರತಿ ಮಳೆಗಾಲ, ಕರ್ಕಟಕ ಮಾಸದಲ್ಲಿ ಅವರು ಒಂದೇ ಪುಸ್ತಕವನ್ನು ಗಂಡನಿಗೆ ಓದಿ ಹೇಳುತ್ತಿದ್ದರು. ಅದೇ ಸಾಲಿಗೆ ಗೆರೆ ಎಳೆದು, ಆ ವರ್ಷ ಗಂಡ ಅಂದದ್ದನ್ನು ಕೆಳಗೆ ಬರೆದಿಡುತ್ತಿದ್ದರು.

"ಸಾಲು ಒಂದೇ ಮೋಳೇ, ಅವರು ಅಂದಿದ್ದು ಒಂದೊಂದು ವರ್ಷ ಒಂದೊಂದು. ಅದೆಲ್ಲಾ ಎಲ್ಲಿ ಹೋಯ್ತು?"

"ಹಳೇ ಯಂತ್ರ ಇದೆಯಾ ಟೀಚರ್?"

"ಹೊಸದು ಕೊಟ್ಟು ಅದನ್ನ ಅಂಗಡಿಯವರೇ ಇಟ್ಕೊಂಡ್ರಲ್ಲ!"

ದಿನೋಯ್‌ಗೆ ಹೇಳಿದರೆ ನಗುತ್ತಾನೆ. "ಒಂದೇ ಸಾಲಿಗೆ ಎಷ್ಟು ಸಲ ಗೆರೆ ಎಳೀತಾರೆ ಚೇಚೀ? ಕಸ ಗುಡಿಸಿದೆ, ಅಷ್ಟೇ. ಕೊನೇದೊಂದನ್ನ ಉಳಿಸಿದ್ದೀನಲ್ಲ!"

ಕಸವಂತೆ! ಯಾರದ್ದು ಕಸ ಎಂದು ತೀರ್ಮಾನಿಸಲು ಇವನ್ಯಾರು? ಅವನ ಸೌಲಭ್ಯವನ್ನು ಅಲ್ಲೇ ಕಿತ್ತುಹಾಕಿದೆ. ಅದರಿಂದ ಟೀಚರಿಗೇನು ಬಂತು?

ಟೀಚರ ಗಂಡ ಈ ಬೇಸಿಗೆಯಲ್ಲಿ ತೀರಿಕೊಂಡರು. ದಿನೋಯ್ ಉಳಿಸಿಕೊಟ್ಟದ್ದು ಆಮೇಲೆ ಈ ಕರ್ಕಟಕದಲ್ಲಿ ಎಳೆದ ಗೆರೆಯನ್ನು. ಅದರ ಕೆಳಗೆ ಟೀಚರ್ ಏನನ್ನೂ ಬರೆದಿಲ್ಲ.