ಅಮ್ಮನ ಸಿನಿಮಾ ತೀರ್ಪು

ಅಮ್ಮಾ,

ಫೋನ್ ಇಟ್ಟುಕೊಂಡು ಇವಳ್ಯಾಕೆ ಕಾಗದ ಬರೆದಳು ಅಂತ ಗಾಬರಿಯಾಗಬೇಡ. ಪೂರ್ತಿ ಓದು.

ನೀನು ಹೊಸ ಸಿನಿಮಾ ನೋಡಿ ಬಂದು, ಮೆಟ್ಟಿಲ ಮೇಲೆ ಕೂತು ತೀರ್ಪು ಕೊಡೋವರೆಗೂ ನಮ್ಮ ಕಟ್ಟಡದಲ್ಲಿ ಯಾರೂ ಟಿಕೆಟ್ ತಗೋತಿರಲಿಲ್ಲ. ಹೀರೋ, ವಿಲನ್, ವಿಲನ್ನಿನ ಅತ್ತೆ, ಎಲ್ಲರ ಡೈಲಾಗೂ ನಿನ್ನ ಬಾಯಲ್ಲೇ ಕೇಳಬೇಕಿತ್ತು. ಈಗೀಗ "ಫೈಟು ಚೆನ್ನಾಗಿದೆ, ಸೀರೆ ಚೆನ್ನಾಗಿದೆ" ಅಂದು ಎದ್ದುಹೋಗ್ತೀಯಂತೆ. ಕೆಳಗಡೆ ಮನೆಯ ಟೈಲರಕ್ಕ ಹೇಳಿದಳು.

ಹೋದ ತಿಂಗಳು ನಾನು ಬಂದಾಗ ಆ ದೊಡ್ಡ ಸಿನಿಮಾದ ಎರಡನೇ ಭಾಗಕ್ಕೆ ಹೋಗಿದ್ವಲ್ಲ, ಸದ್ದು ತಡೆಯಲಾರದೆ ನಾನು ಕಿವಿ ಮುಚ್ಚಿಕೊಂಡು ಕೂತಿದ್ದೆ. ನೀನು "ಮೊದಲನೇದರಷ್ಟು ಅಬ್ಬರ ಇಲ್ಲ ಕಣೇ" ಅಂದೆ. ಮಾರನೇ ದಿನ ಕಾಮಿಡಿ ಸಿನಿಮಾದಲ್ಲಿ ತೆರೆ ಬಿಟ್ಟು ನನ್ನ ಮುಖವನ್ನೇ ನೋಡ್ತಿದ್ದೆ. ನಾನು ನಕ್ಕ ಮೇಲೆ ನಗ್ತಿದ್ದೆ. ಅನುಮಾನ ಬಂದು ನಾನು, ಹೀರೋ ಅಪ್ಪನ ಹೆಣದ ಮುಂದೆ ಅಳುವಾಗ ಬೇಕಂತಲೇ ನಕ್ಕೆ. ನೀನೂ ನಕ್ಕೆ. ಆಮೇಲೆ ಸಿನಿಮಾ ನನ್ನ ತಲೆಗೇ ಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಕಿವಿ ಡಾಕ್ಟರ ಹತ್ತಿರ ಟೈಮ್ ತಗೊಂಡಿದ್ದೀನಿ. ಟೈಲರಕ್ಕ ಜೊತೆಗೆ ಬರ್ತಾಳೆ. ವಯಸ್ಸಾಯ್ತು, ಇದೆಲ್ಲ ಇದ್ದಿದ್ದೇ ಅಂತ ಸಬೂಬು ಹೇಳಬೇಡ. ಹೋಗ್ತೀಯೋ ಇಲ್ಲವೋ, ಬರೆದು ತಿಳಿಸು. ಫೋನಿನಲ್ಲಿ ಬರೀ "ಹೂಂ" ಅನ್ನಬೇಡ.

ಭಾನುವಾರ ಫೋನ್ ಮಾಡಿದಾಗ ನಾನು, ಕೆಲಸ ಮಾಡ್ತಿದ್ದ ಅಂಗಡಿ ಮುಚ್ಚಿದರು, ನನ್ನ ಕೆಲಸ ಹೋಯ್ತು ಅಂದೆ. ನೀನು ಜೋರಾಗಿ ನಕ್ಕು, "ಒಳ್ಳೇದಾಯ್ತು ಬಿಡೇ" ಅಂದೆ.

ನಿನ್ನ ಪಕ್ಕದ ಸೀಟಿನ
ಮಗಳು