ತಿಳಿಬೊಟ್ಟು ತೆಗೆದ ಮೇಲೆ ಓದಿದ್ದು

ದಾವಣಗೆರೆ,
ಫೆಬ್ರವರಿ 30, 2291

ನನಗಿಂತ ಬಹಳ ಹಿಂದಿನ ಓದುಗರೇ,

ತಾರೀಖು ತಪ್ಪಲ್ಲ, ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಮಗಳು ನೇಸರಿ ಹುಟ್ಟಿದಾಗಿನಿಂದ ನಿದ್ದೆಯಿಲ್ಲ, ವಾಕ್ಯಗಳೂ ತೂಕಡಿಸುತ್ತವೆ.

ನೀವು ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದಿರಂತೆ. ನಾವು ವರ್ಷ ತುಂಬಿದ ಮಗುವಿನ ಕಿವಿಯ ಹಿಂದೆ ತಿಳಿಬೊಟ್ಟು ಇಡಿಸುತ್ತೇವೆ. ಎಳ್ಳುಕಾಳಿನಷ್ಟು ಯಂತ್ರ. ಕೇಳಿದ್ದು, ಓದಿದ್ದು ಎಷ್ಟೇ ಕಠಿಣವಿರಲಿ, ಮನಸ್ಸಿಗೆ ಮುಟ್ಟುವ ಮೊದಲೇ ಅದನ್ನು ಸರಳ ಮಾಡಿಬಿಡುತ್ತದೆ. ಕಾಲೇಜಿನಲ್ಲಿ ಸಾಹಿತ್ಯ ಓದಿದ ನಾನು ಎಷ್ಟೋ ಪುಸ್ತಕ ಮುಗಿಸಿದ್ದೇನೆ, ಒಂದರಲ್ಲೂ ಎಡವಿರಲಿಲ್ಲ.

ಬಾಣಂತನದಲ್ಲಿ ನನ್ನ ಬೊಟ್ಟಿನ ಸುತ್ತ ಬಾತು ಕೀವಾಯಿತು, ಅದನ್ನು ತೆಗೆಸಬೇಕಾಯಿತು. ಹಾಲೂಡಿಸುತ್ತಾ ಕೂತಾಗ, ಹಿಂದೆ ಸಲೀಸಾಗಿ ಓದಿದ್ದ ಹಳೆಯ ಕಾವ್ಯವೊಂದನ್ನು ತೆರೆದೆ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯದು. ಒಂದೊಂದು ಪದ್ಯಕ್ಕೆ ಒಂದೊಂದು ವಾರ. ಅತ್ತು ಪುಸ್ತಕ ಬಿಸಾಡಿದ್ದೂ ಉಂಟು. ಗಂಡ ಉತ್ಪಲ ನಗುತ್ತಿದ್ದ: “ಏನೇ, ಅರ್ಥ ಆಗ್ದಿರೋದನ್ನ ಓದಕ್ಕೆ ಇಷ್ಟೊಂದು ಒದ್ದಾಟನಾ? ನೇಸರಿನೇ ವಾಸಿ, ಹರಿದು ಚೂರು ಮಾಡಿ ಮುಗಿಸ್ತಾಳೆ!”

ಆ ಕಾವ್ಯದಲ್ಲಿ ಜ್ವರದ ಮಗುವಿನ ಪಕ್ಕ ಕೂತ ತಾಯಿ ಒಂದೇ ಮಾತು ಹೇಳುತ್ತಾಳೆ: ‘ಅರಿಯೆ’. ಬೊಟ್ಟು ಹಿಂದೆ ನನಗೆ ಕೊಟ್ಟಿದ್ದ ಅರ್ಥ ‘ನನಗೆ ಗೊತ್ತಿಲ್ಲ’. ಈಗ ವ್ಯಾಕರಣ ಹಿಡಿದು ತಡಕಾಡುವಾಗ ಕಂಡಿತು, ಹಳಬರ ಮಾತಿನಲ್ಲಿ ಅದು ‘ನಿನಗೆ ಗೊತ್ತಿಲ್ಲ’ ಎಂದೂ ಆಗುತ್ತದೆ. ತನಗೆ ತಾನೇ ಹೇಳಿಕೊಂಡಳೋ, ಮಗುವಿಗೆ ಹೇಳಿದಳೋ? ಎರಡೂ ಇರಬಹುದು. ನೇಸರಿಯ ಬೆಚ್ಚನೆಯ ತಲೆ ನನ್ನ ತೋಳಿನ ಮೇಲಿತ್ತು. ಆ ತಾಯಿ ಸ್ವಲ್ಪ ಸರಿದು ನನಗೂ ಜಾಗ ಕೊಟ್ಟ ಹಾಗಾಯಿತು. ಸಲೀಸಾಗಿ ಓದಿದಾಗ ಅವಳನ್ನು ದಾಟಿಕೊಂಡು ಹೋಗಿಬಿಟ್ಟಿದ್ದೆ.

ನಾಳೆ ನೇಸರಿಗೆ ವರ್ಷ ತುಂಬುತ್ತದೆ. ಬೊಟ್ಟಿಲ್ಲದ ಮಕ್ಕಳು ತರಗತಿಯಲ್ಲಿ ಹಿಂದೆ ಬೀಳುತ್ತಾರೆ, ನಾಲ್ಕು ಜನ ನಗುತ್ತಾರೆ. “ಕೂಸು ಮಂಕಾಗಿ ಕುಂತ್ರೆ ನಿನ್ನ ಪುಸ್ತಕ ಬಂದು ಕಾಯ್ತೈತೇನವ್ವಾ?” ಎಂದರು ಅತ್ತೆ. ಅವರ ಭಯ ಸುಳ್ಳಲ್ಲ; ನನಗೂ ಅದೇ ಭಯ. ಆದರೂ, ಬೊಟ್ಟು ಇಡಿಸುವುದಿಲ್ಲ ಎಂದು ಇವತ್ತು ಉತ್ಪಲನಿಗೆ ಹೇಳಿಬಿಟ್ಟೆ. ನೇಸರಿಯ ಕಿವಿಯ ಹಿಂದೆ ಬೆರಳಾಡಿಸಿದ. ಆಮೇಲೆ, “ದೊಡ್ಡೋಳಾದ್ಮೇಲೆ ಅವಳೇ ನಿನ್ನ ಬೈದ್ರೆ?” ಎಂದ.

ನಿಮ್ಮಲ್ಲೊಂದು ಬೇಡಿಕೆ. ನಿಮ್ಮ ಕಾಲದ ಯಾರೋ ಒಬ್ಬರು ಈಗ ಕಷ್ಟದ ಸಾಲೊಂದನ್ನು ಬರೆದು, ಇದು ಯಾರಿಗೂ ಅರ್ಥವಾಗದು ಎಂದು ಹೊಡೆದುಹಾಕಲು ಹೊರಟಿರಬಹುದು. ದಯವಿಟ್ಟು ಹಾಗೇ ಬಿಡಿ. ನಿಧಾನವಾಗಿ ಓದುವ ಹುಡುಗಿಯೊಬ್ಬಳು ಇಲ್ಲಿ ಬೆಳೆಯುತ್ತಿದ್ದಾಳೆ.

ನೇಸರಿಯ ತಾಯಿ,
ಸುರಗಿ