ಘಟ್ಟದ ಹೊರೆಗಲ್ಲುಗಳನ್ನು ಕೀಳಿಸಿದವರಿಗೆ

ಸಾಲಿಗ್ರಾಮ, ಫೆಬ್ರವರಿ 1949

ಘಟ್ಟದ ಹಾದಿಗಳ ಮೇಲ್ವಿಚಾರಣೆ ಹೊತ್ತ ಮಾನ್ಯರೇ,

ಕೊಲ್ಲೂರಿನಿಂದ ಮೇಲೇರುವ ಕಾಲುದಾರಿಯಲ್ಲಿದ್ದ ಏಳು ಹೊರೆಗಲ್ಲುಗಳನ್ನು ಜೀಪು ಹತ್ತಿಸುವ ಸಲುವಾಗಿ ನೀವು ಕೀಳಿಸಿದ್ದೀರಿ. ಅವನ್ನು ಇದ್ದಲ್ಲೇ ಮತ್ತೆ ನಿಲ್ಲಿಸಬೇಕು. ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಬಹುದಿತ್ತು, ಹಾಕಿಯೂ ಆಗಿದೆ. ಅದಕ್ಕೆ ತಮ್ಮ ಕಚೇರಿ ಕೊಟ್ಟ ಉತ್ತರ ನನ್ನನ್ನು ಪತ್ರಿಕೆಯ ಮೆಟ್ಟಿಲಿಗೆ ತಂದಿದೆ.

ತಲೆಯ ಮೇಲೆ ಹೊರೆ ಹೊತ್ತು ನೀವು ಘಟ್ಟ ಹತ್ತಿರಲಿಕ್ಕಿಲ್ಲ. ನಾನೂ ಹತ್ತಿಲ್ಲ. ಆದ್ದರಿಂದ ಇಬ್ಬರಿಗೂ ಗೊತ್ತಿರದಿದ್ದ ಒಂದು ಸಂಗತಿ: ಹೊತ್ತವರು ಹೊರೆಯನ್ನು ತಾವೇ ಇಳಿಸಲಾರರು, ಇಳಿಸಿದ್ದನ್ನು ತಾವೇ ಎತ್ತಿಕೊಳ್ಳಲಾರರು. ಇನ್ನೊಬ್ಬರ ಕೈ ಬೇಕು. ನಿರ್ಜನ ಘಟ್ಟದಲ್ಲಿ ಕೈ ಎಲ್ಲಿಂದ ಬರಬೇಕು? ಅದಕ್ಕೇ ಹಿಂದೆ ಯಾರೋ ನೆಟ್ಟಗೆ ಎರಡು ಕಲ್ಲು ನಿಲ್ಲಿಸಿ, ಮೇಲೆ ಒಂದು ಚಪ್ಪಡಿ ಹಾಸಿದರು, ಹೆಂಗಸಿನ ಭುಜದೆತ್ತರಕ್ಕೆ. ಕೊಂಚ ಬಗ್ಗಿ ಹೊರೆಯನ್ನು ಅದರ ಮೇಲೆ ಜಾರಿಸಿದರೆ ಆಯಿತು. ದಣಿವಾರಿದ ಮೇಲೆ ಹಾಗೆಯೇ ತಲೆಗೆ ಎಳೆದುಕೊಂಡರಾಯಿತು.

ಯುದ್ಧ ಮುಗಿದು ಸೈನ್ಯಕ್ಕೆ ಬೇಡವಾದ ಜೀಪೊಂದು ನಮ್ಮ ಕಡೆಗೆ ಬಂದು, ಪ್ರವಾಸಿಗರನ್ನು ಶಿಖರದ ಹತ್ತಿರದವರೆಗೆ ಒಯ್ಯಲು ತಮ್ಮ ಅನುಮತಿಯನ್ನೂ ಪಡೆಯಿತು. ಕಳೆದ ಡಿಸೆಂಬರಿನಲ್ಲಿ ನಾನೂ ಹೋದೆ. ಯಾಕೆ ಹೋದೆನೆಂದು ಕೇಳಿದರೆ ಹೇಳಲಾರೆ. ನಲವತ್ತಾರರ ವಯಸ್ಸಿನಲ್ಲಿ ಕುಳಿತಲ್ಲಿ ಕೂರಲಾಗದ ಒಂದು ಚಡಪಡಿಕೆ ಇರುತ್ತದೆ. ಎತ್ತರಕ್ಕೆ ಹೋದರೆ ಅದು ಕೆಳಗೇ ಉಳಿದೀತೆಂದು ಆಸೆ. ಮಾರ್ಗದರ್ಶಿ ಬಚ್ಚ, ಹಿಂದೆ ಇದೇ ದಾರಿಯಲ್ಲಿ ಹೊರೆ ಹೊರುತ್ತಿದ್ದವನು, ಚಾಲಕನ ಪಕ್ಕದಲ್ಲಿದ್ದ. ಹಿಂದೆ ಮುಂಬೈಯ ದಂಪತಿಗಳು, ನಾನು. ಪ್ರತಿ ಕಡಿದಾದ ತಿರುವಿನಲ್ಲೂ ಚಕ್ರಕ್ಕೆ ಒಳ್ಳೆಯ ಚಪ್ಪಡಿಗಳು ಸಿಗುತ್ತಿದ್ದವು. ನನಗೆ ಖುಷಿಯಾಯಿತು. ಮೇಲಿನ ಚಪ್ಪರದಲ್ಲಿಟ್ಟಿದ್ದ ಅಭಿಪ್ರಾಯದ ಪುಸ್ತಕದಲ್ಲಿ ‘ಹಾದಿಯ ಸುಧಾರಣೆ ಅತ್ಯಂತ ಪ್ರಶಂಸನೀಯ’ ಎಂದು ಬರೆದು ಸಹಿ ಹಾಕಿದೆ.

ಇಳಿಯುವಾಗ ಎರಡನೆಯ ತಿರುವಿನಲ್ಲಿ ಎದುರಿಗೆ ಪದ್ದು ಬಂದಳು. ಕಿರಿಮಂಜೇಶ್ವರದ ಕಡಲ ಬದಿಯವಳು. ಒಣಮೀನಿನ ಬುಟ್ಟಿ ಹೊತ್ತು ಘಟ್ಟದ ಮೇಲಿನ ಮನೆಗಳಿಗೆ ಹೋಗುವವಳು. ಒಂದು ಕಡೆ ಗೋಡೆಯಂತೆ ಕಡಿದ ಮಣ್ಣಿನ ದರೆ, ಇನ್ನೊಂದು ಕಡೆ ಪ್ರಪಾತ. ಜೀಪು ಹಿಂದೆ ಹೋಗುವಂತಿರಲಿಲ್ಲ. ಚಾಲಕ ಬ್ರೇಕು ಒತ್ತಿ ಹಿಡಿದ. ಬಚ್ಚ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು ಅದನ್ನು ಅದುಮಿಕೊಂಡು ಕುಳಿತ.

“ಹ್ವಾಯ್ ಪದ್ದಕ್ಕ, ಚೂರ್ ಬದಿಗ್ ನಿಲ್ಲ್ ಕಾಂಬ.”

“ಬದಿ ಎಲ್ಲಿತ್ತ್ ಬಚ್ಚ? ನಿನ್ ಗಾಡಿ ತಿಂದಿತಲ್ಲ. ಇಲ್ಲಿದ್ ಕಲ್ಲ್ ಎಂತ ಆಯ್ತ್?”

“ಗಾಡಿ ಅಡಿಗ್ ಇತ್ತ್” ಎಂದ ಬಚ್ಚ, ತಲೆ ಎತ್ತದೆ.

“ಅದ್ಕೆಂತ, ತಲಿ ಮೇಲ್ ಹೊರಿ ಇತ್ತಾ?” ಎಂದವಳು ನಮ್ಮ ಮೂವರನ್ನೂ ನೋಡಿದಳು. “ಹೌದ್, ಇತ್ತ್. ಮೂರ್ ಹೊರಿ ಕೂತಿತ್ತ್ ಕಾಣ್.”

ಮುಂಬೈಯವರು ಮೂಗಿಗೆ ಕರವಸ್ತ್ರ ಹಿಡಿದೇ ನಕ್ಕರು. ಅವರಿಗೆ ಭಾಷೆ ತಿಳಿಯದು. ಪದ್ದು ನನ್ನನ್ನು ಕೇಳಿದಳು: “ಅಯ್ಯ, ಇಳ್ಸುಕೆ ಒಂಚೂರ್ ಕೈ ಕೊಡ್ತ್ರಿಯಾ?”

ನಾನು ಇಳಿದೆ. ಕೈ ಬುಟ್ಟಿಯ ಅಂಚಿನವರೆಗೆ ಹೋಯಿತು, ಅಲ್ಲಿ ನಿಂತಿತು. ನಾನು ಮಡಿ ಮೈಲಿಗೆ ಬಿಟ್ಟು ಇಪ್ಪತ್ತು ವರ್ಷವಾಯಿತು. ಭಾಷಣಗಳಲ್ಲಿ ಬಿಟ್ಟಿದ್ದೆ, ಲೇಖನಗಳಲ್ಲಿ ಬಿಟ್ಟಿದ್ದೆ. ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ.

ಅವಳು ನೋಡಿಬಿಟ್ಟಳು. “ಬ್ಯಾಡ ಬಿಡಿ. ಕೈ ತೊಳುಕೆ ಹೊಳಿ ಕೆಳ್ಗ್ ಇತ್ತ್, ನಿಮ್ಗ್ ದೂರ ಆತ್ತ್.”

ದರೆಗೆ ಒರಗಿ ತಾನೇ ಕುಳಿತುಕೊಳ್ಳಲು ನೋಡಿದಳು. ಮೊಣಕಾಲು ಬಗ್ಗಿತು, ಬುಟ್ಟಿ ವಾಲಿತು, ಅದರ ಜತೆಗೆ ಕುತ್ತಿಗೆಯೂ ತಿರುಚಿಕೊಂಡಿತು. ಮೀನು ಪ್ರಪಾತಕ್ಕೆ ಸುರಿಯಿತು. ಆಮೇಲೆ ನಾನು ಬುಟ್ಟಿಯನ್ನು ಹಿಡಿದೆ. ಅದರಲ್ಲಿ ಏನೂ ಇರಲಿಲ್ಲ.

ಇಂದಿಗೂ ಅವಳ ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ. ಇನ್ನು ಹೊರೆ ಹೊರಕೂಡದೆಂದು ವೈದ್ಯರು ಹೇಳಿದ್ದಾರೆ. ಈಗ ಅದೇ ಬುಟ್ಟಿಯನ್ನು ಅದೇ ದಾರಿಯಲ್ಲಿ ಹೊರುತ್ತಿರುವವಳು ಅವಳ ಮಗಳು ವನಜ, ಒಬ್ಬಳೇ. ಮಳೆಗಾಲಕ್ಕೆ ಒಣಮೀನು ಕೂಡಿಡುವ ಘಟ್ಟದ ಮನೆಗಳು ಯುಗಾದಿಯಿಂದ ಕಾಯತೊಡಗುತ್ತವೆ. ಆಗ ಹೊರೆ ಭಾರವಾಗುತ್ತದೆ, ವಾರಕ್ಕೊಂದು ಸಲದ ಬದಲು ಮೂರು ಸಲ ಹತ್ತಬೇಕಾಗುತ್ತದೆ. ನಾನು ಕೇಳುತ್ತಿರುವುದು ಆ ಹುಡುಗಿಯ ಕುತ್ತಿಗೆಯ ಮಾತು.

ಪದ್ದುವಿನ ಹೆಬ್ಬೆಟ್ಟಿನೊಂದಿಗೆ ನಾನು ಬರೆದ ಆ ಕಾರ್ಡಿನ ಅರ್ಜಿಗೆ ತಾವು ದಯಪಾಲಿಸಿದ ಉತ್ತರ ನನ್ನ ಮುಂದಿದೆ. ‘ಸದರಿ ಕಲ್ಲುಗಳು ಯಾವ ದಾಖಲೆಯಲ್ಲೂ ಇಲ್ಲವಾದ್ದರಿಂದ ಅವನ್ನು ತೆಗೆದಿರುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.’ ಎಂಥ ತರ್ಕ! ಪದ್ದು ಯಾವ ದಾಖಲೆಯಲ್ಲಿದ್ದಾಳೆ? ಹಾಗಾದರೆ ಅವಳ ಕುತ್ತಿಗೆ ಉದ್ಭವಿಸಿದ್ದು ಹೇಗೆ? ಸ್ವರಾಜ್ಯ ಬಂದು ಎರಡು ವರ್ಷ ತುಂಬಿಲ್ಲ. ಇಷ್ಟು ಬೇಗ ಈ ಭಾಷೆಯನ್ನು ಇಷ್ಟು ಚೆನ್ನಾಗಿ ಕಲಿತದ್ದು ಯಾರ ಹತ್ತಿರ? ಉತ್ತರದ ಕೊನೆಗೆ, ‘ವಿದ್ಯಾವಂತ ಪ್ರವಾಸಿಗರೊಬ್ಬರು ಸ್ವಹಸ್ತದಿಂದ ಪ್ರಶಂಸಿಸಿರುವ’ ಸುಧಾರಣೆಯ ಬಗ್ಗೆ ದೂರುವುದು ವಿಷಾದನೀಯ ಎಂದೂ ಇದೆ. ಆ ವಿದ್ಯಾವಂತ ನಾನೇ. ಆ ವಾಕ್ಯವನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಪುಸ್ತಕದಲ್ಲಿ ಅದನ್ನು ಹೊಡೆದುಹಾಕಲು ತಾವು ಒಂದು ಗೀಟು ಎಳೆದರೆ ಸಾಕು.

ಜೀಪು ನಿಲ್ಲಿಸಿ ಎನ್ನುತ್ತಿಲ್ಲ. ಹಾಗೆನ್ನುವ ಪ್ರಾಮಾಣಿಕತೆ ನನ್ನಲ್ಲಿಲ್ಲ. ಶಿಖರದ ಗಾಳಿ ಇನ್ನೂ ನೆನಪಾಗುತ್ತದೆ. ಯುಗಾದಿಯೊಳಗೆ ಏಳು ಕಲ್ಲುಗಳನ್ನೂ ನಿಲ್ಲಿಸಿ. ತಿರುವುಗಳಲ್ಲಿ ಮಾರ್ಗದರ್ಶಿ ಇಳಿದು ಮುಂದೆ ನಡೆಯಲಿ, ಹೊರೆಯವರು ಎದುರಾದರೆ ಅವರು ದಾಟುವವರೆಗೆ ಜೀಪು ಕಾಯಲಿ. ಯಾವ ಕಲ್ಲು ಎಲ್ಲಿತ್ತೆಂದು ಬಚ್ಚನಿಗೆ ಗೊತ್ತು, ಕಿತ್ತವನು ಅವನೇ. “ಹೇಳಿರ್, ಕಿತ್ತೆ. ಹೇಳ್ಲಿ, ನಿಲ್ಲಿಸ್ತೆ” ಎನ್ನುತ್ತಾನೆ. ತಾವು ಹೇಳುವುದೊಂದು ಬಾಕಿ.

ಮೊನ್ನೆ ಬೆಳಿಗ್ಗೆ ವನಜ ಘಟ್ಟಕ್ಕೆ ಹೊರಟಾಗ ನಾನು ಅವರ ಅಂಗಳದಲ್ಲಿದ್ದೆ. “ಕಲ್ಲ್ ಬತ್ತಾ ಅಯ್ಯ?” ಎಂದು ಕೇಳಿದಳು. ಮೇಲಿನವರಿಗೆ ಮತ್ತೊಮ್ಮೆ ಬರೆಯುತ್ತೇನೆ, ಈ ಸಲ ಪತ್ರಿಕೆಯಲ್ಲಿ, ಎಂದೆ. ಬುಟ್ಟಿ ಆಗಲೇ ತಲೆಯ ಮೇಲಿತ್ತು; ಅದು ಅಲುಗಾಡದಂತೆ ಕಣ್ಣು ಮಾತ್ರ ನನ್ನತ್ತ ತಿರುಗಿಸಿದಳು.

“ಬರ್ದ್ರೆ ಹೊರಿ ಇಳೀತ್ತಾ?”

ತಾವೇ ಉತ್ತರಿಸಬೇಕು.

ಇಂತಿ,
ಬರೆಯುವುದೊಂದನ್ನು ಬಿಟ್ಟು ಬೇರೆ ಕೆಲಸ ಕಲಿಯದ
ದಾಮೋದರ ನಾವಡ